ರೈಲು ಬಂತು, ರಾತ್ರಿ ತಂಗುವುದೆಲ್ಲಿ?

ನಾರಾಯಣಪೇಟೆ: ಕೃಷ್ಣಾ ಸ್ಟೇಷನ್ನಿನಿಂದ ನೇರವಾಗಿ ಕಾಚಿಗುಡಕ್ಕೆ ರೈಲು ಓಡಲು ಶುರುವಾಗಿ ಎರಡು ವರ್ಷ ದಾಟಿದೆ. 2023ರ ಅಕ್ಟೋಬರ್ 1ರಂದು ಮಹಬೂಬ್‌ನಗರದ ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಈ ರೈಲಿಗೆ ಹಸಿರು ನಿಶಾನೆ ತೋರಿದರು. ಅದೇ ದಿನ ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿ.ಮೀ. ಹೊಸ ರೈಲುಮಾರ್ಗವೂ ಲೋಕಾರ್ಪಣೆಯಾಯಿತು. ಮಕ್ತಲ್ ಭಾಗದ ಜನರ ಬಹುದಿನದ ಬೇಡಿಕೆ ಹೀಗೆ ಈಡೇರಿತು. ಗದ್ವಾಲ-ರಾಯಚೂರು ನಡುವೆ 2013ರಿಂದಲೇ ರೈಲು ಇದೆ.

ಬಸ್ಸಿನ ಕಥೆಯೂ ಬದಲಾಗಿದೆ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯಡಿ 2023ರ ಡಿಸೆಂಬರ್ 9ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಪಲ್ಲೆವೆಲುಗು ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಎಂದೂ ಮಹಬೂಬ್‌ನಗರ ದಾಟದಿದ್ದ ಎಷ್ಟೋ ತಾಯಂದಿರು ಈಗ ಇಮ್ಲಿಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಾರೆ. ಹೋಗುವ ಖರ್ಚು ಇಳಿದಿದೆ, ಹೋಗುವವರು ಹೆಚ್ಚಿದ್ದಾರೆ.

ಆದರೆ ಹೋದವರು ಅಂದೇ ತಿರುಗಿ ಬರಲಾಗದಿದ್ದರೆ? ದವಾಖಾನೆಯ ರಿಪೋರ್ಟು ನಾಳೆ ಸಿಗುತ್ತದೆ ಎಂದರೆ? ಮಗಳ ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೇ ಇದ್ದರೆ? ಆಗ ಎದುರಾಗುವುದು ಲಾಡ್ಜಿನ ಪ್ರಶ್ನೆ. ಮೊದಲ ಬಾರಿ ದೊಡ್ಡ ಪಟ್ಟಣಕ್ಕೆ ಹೋಗುವ ಹಳ್ಳಿಯ ಕುಟುಂಬಕ್ಕೆ ಪ್ರಯಾಣಕ್ಕಿಂತ ಈ ಒಂದು ರಾತ್ರಿಯೇ ದುಬಾರಿಯಾಗುತ್ತಿದೆ. ಇದಕ್ಕೆ ಕಾರಣ ಬರೀ ಬಾಡಿಗೆಯಲ್ಲ. ರೂಮಿನ ನಿಯಮಗಳು ತಿಳಿಯದಿರುವುದೂ ಒಂದು ಮುಖ್ಯ ಕಾರಣ.

ಎರಡು ಪಟ್ಟಣಗಳ ನಡುವೆ

ಗಡಿಭಾಗದವರಿಗೆ ದೊಡ್ಡ ಪಟ್ಟಣಗಳು ಎರಡು. ಒಂದು ಹೈದರಾಬಾದು, ಇನ್ನೊಂದು ಬೆಂಗಳೂರು. ಇದಕ್ಕೆ ಚರಿತ್ರೆಯೂ ಕಾರಣ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು, ಕೊಡಂಗಲ್ ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಇವೆಲ್ಲ ಮಹಬೂಬ್‌ನಗರಕ್ಕೆ ಸೇರಿದ ಮೇಲೆ ಕಚೇರಿ ಕೆಲಸ ಹೈದರಾಬಾದಿನ ಕಡೆಗಾಯಿತು, ನೆಂಟಸ್ತಿಕೆ ಮಾತ್ರ ರಾಯಚೂರಿನ ಕಡೆಗೇ ಉಳಿಯಿತು. ಇಂದಿಗೂ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಮೊದಲು ರಾಯಚೂರು, ಅಲ್ಲಿ ವಾಸಿಯಾಗದಿದ್ದರೆ ಹೈದರಾಬಾದು ಅಥವಾ ಬೆಂಗಳೂರು ಎಂಬ ಲೆಕ್ಕವೇ ನಡೆದಿದೆ.

ಎರಡು ಭಾಷೆ ಬಲ್ಲ ಗಡಿಯ ಮನುಷ್ಯನಿಗೆ ಇದರಲ್ಲಿ ಒಂದು ಅನುಕೂಲ ಇದೆ. ಹೈದರಾಬಾದಿನ ಲಾಡ್ಜಿನ ಕೌಂಟರಿನಲ್ಲಿ ತೆಲುಗು ನಡೆಯುತ್ತದೆ, ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಕನ್ನಡ ನಡೆಯುತ್ತದೆ. ಹೈದರಾಬಾದಿನಲ್ಲೂ ಕಾಚಿಗುಡ ಕನ್ನಡಿಗರ ಹಳೆಯ ನೆಲೆ. ನೃಪತುಂಗ ವಿದ್ಯಾಸಂಸ್ಥೆ, ಕರ್ನಾಟಕ ಸಾಹಿತ್ಯ ಮಂದಿರ ಆ ಭಾಗದಲ್ಲೇ ಇವೆ. ಸಮೀಪದ ಬರ್ಕತ್‌ಪುರದಲ್ಲಿ ರಾಘವೇಂದ್ರ ಸ್ವಾಮಿ ಮಠವಿದೆ. ನಾರಾಯಣಪೇಟೆ, ಗದ್ವಾಲದ ಸೀರೆ ವ್ಯಾಪಾರಿಗಳು ಪಟ್ಟಣದಲ್ಲಿ ದಾರಿ ತಪ್ಪದೆ ಓಡಾಡುವುದು ಇಂಥ ಪರಿಚಯದ ಬಲದಿಂದಲೇ.

ಕೂಲಿಗೆ ಹೋಗುವ ಪಾಲಮೂರಿನ ಜನರಿಗೂ ಪಟ್ಟಣ ಹೊಸದಲ್ಲ. ಆದರೆ ಅವರು ಕೆಲಸದ ಜಾಗದಲ್ಲೇ ಶೆಡ್ಡು ಹಾಕಿಕೊಂಡು ಮಲಗುವವರು. ಲಾಡ್ಜಿನ ಕೌಂಟರು ಅವರಿಗೂ ಹೊಸದೇ.

ಛತ್ರದಿಂದ ಆ್ಯಪ್‌ವರೆಗೆ

ಹಿಂದಿನ ಕಾಲದಲ್ಲಿ ಪರವೂರಿಗೆ ಹೋದವರಿಗೆ ಛತ್ರ, ಸರಾಯಿ, ಮಠಗಳೇ ಆಸರೆ. ಹೈದರಾಬಾದಿನಲ್ಲಿ ನಾಂಪಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಏಳನೆಯ ನಿಜಾಮರ ಕಾಲದಲ್ಲಿ ಪ್ರಯಾಣಿಕರಿಗೆಂದೇ ಸರಾಯಿ ಕಟ್ಟಿಸಲಾಗಿತ್ತು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ರೈಲ್ವೆ ಸ್ಟೇಷನ್ನಿನ ಬಳಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಸ್ವತಃ ವ್ಯಾಪಾರಿಯಾಗಿದ್ದ ಅವರು ಊರಿಂದೂರಿಗೆ ಹೋಗುವವರ ಕಷ್ಟ ಬಲ್ಲವರಾಗಿದ್ದರು. ಸ್ಟೇಷನ್ ಎಲ್ಲಿದೆಯೋ ಅಲ್ಲಿ ತಂಗಲು ಜಾಗವೂ ಇರಬೇಕು ಎಂಬುದು ಆ ಕಾಲದ ತಿಳಿವಳಿಕೆ.

ಆಮೇಲೆ ಬಂದದ್ದು 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಬೋರ್ಡುಗಳು. ಕೆಳಗೆ ಊಟ, ಮೇಲೆ ರೂಮು. ಹೈದರಾಬಾದಿನ ಕಾಚಿಗುಡ, ನಾಂಪಲ್ಲಿ, ಅಫ್ಜಲ್‌ಗಂಜ್, ಬೆಂಗಳೂರಿನ ಗಾಂಧಿನಗರ, ಕಾಟನ್‌ಪೇಟೆ, ಬಳೇಪೇಟೆಯ ಗಲ್ಲಿಗಳಲ್ಲಿ ಇಂಥವು ಇನ್ನೂ ಇವೆ. 2013ರಲ್ಲಿ ಓಯೋ ಕಂಪನಿ ಶುರುವಾದ ಮೇಲೆ ಮೂರನೆಯ ಹಂತ ಬಂತು. ಸಣ್ಣ ಲಾಡ್ಜುಗಳೇ ಹೊಸ ಬಣ್ಣ, ಹೊಸ ಬೋರ್ಡು ಹಾಕಿಕೊಂಡು ಮೊಬೈಲಿನೊಳಗೆ ಸೇರಿಕೊಂಡವು. ದರ ಮೊದಲೇ ಕಾಣುತ್ತದೆ ಎಂಬುದು ಇದರ ಲಾಭ. ಬುಕಿಂಗಿನ ಷರತ್ತುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತವೆ ಎಂಬುದು ನಷ್ಟ. ಬಾಯಿಮಾತಿನಲ್ಲಿ ಎರಡು ಭಾಷೆ ನಿಭಾಯಿಸುವವರೂ ಇಲ್ಲಿ ಸೋಲುತ್ತಾರೆ.

ರೈಲ್ವೆಯ ವಿಶ್ರಾಂತಿ ಕೊಠಡಿಗಳು ದೊಡ್ಡ ಸ್ಟೇಷನ್ನುಗಳಲ್ಲಿ ಇರುತ್ತವೆ. ಆದರೆ ಆನ್‌ಲೈನಿನಲ್ಲಿ ಅವನ್ನು ಕಾಯ್ದಿರಿಸಲು ಪಿಎನ್‌ಆರ್ ನಂಬರು ಬೇಕು. ಜನರಲ್ ಟಿಕೆಟ್ಟಿಗೆ ಪಿಎನ್‌ಆರ್ ಇರುವುದಿಲ್ಲ. ಮಕ್ತಲ್ಲಿನಿಂದ ಜನರಲ್ ಡಬ್ಬಿಯಲ್ಲಿ ಹೋಗುವ ರೈತನಿಗೆ ಆ ಬಾಗಿಲು ಮುಚ್ಚಿದಂತೆಯೇ.

ಅಗ್ಗದ ರೂಮು ಯಾವುದು?

ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಬೋರ್ಡಿನ ಮೇಲೆ ಬರೆದ ದರ ಕಡಿಮೆ ಇದ್ದರೆ ರೂಮು ಅಗ್ಗ ಎಂದುಕೊಳ್ಳುತ್ತಾರೆ. ಆದರೆ ಲಾಡ್ಜಿನ 'ಒಂದು ದಿನ' ಎಂದರೆ ಏನು ಎಂದು ಕೇಳುವುದಿಲ್ಲ.

ಲಾಡ್ಜುಗಳಲ್ಲಿ ದಿನದ ಲೆಕ್ಕ ಎರಡು ಬಗೆ. ಒಂದು 24 ಗಂಟೆಯ ಲೆಕ್ಕ. ಬೆಳಿಗ್ಗೆ ಆರಕ್ಕೆ ರೂಮು ಹಿಡಿದರೆ ಮರುದಿನ ಬೆಳಿಗ್ಗೆ ಆರರವರೆಗೆ ಒಂದು ದಿನ. ಇನ್ನೊಂದು ಮಧ್ಯಾಹ್ನದ ಲೆಕ್ಕ. ಮಧ್ಯಾಹ್ನ ಹನ್ನೆರಡಕ್ಕೆ ದಿನ ಶುರು, ಮರುದಿನ ಹನ್ನೊಂದು ಅಥವಾ ಹನ್ನೆರಡಕ್ಕೆ ಮುಗಿಯಿತು. ಆ್ಯಪ್‌ನಲ್ಲಿ ಸಿಗುವ ಬಹುತೇಕ ಹೋಟೆಲುಗಳದ್ದು ಈ ಎರಡನೆಯ ಬಗೆ.

ಇದರ ಪರಿಣಾಮ ನೋಡಿ. ರಾಯಚೂರಿನಲ್ಲೋ ಗದ್ವಾಲದಲ್ಲೋ ರಾತ್ರಿ ರೈಲು ಹತ್ತಿದರೆ ಬೆಂಗಳೂರು ಮುಟ್ಟುವುದು ನಸುಕಿನಲ್ಲಿ. ಬೆಳಿಗ್ಗೆ ಆರಕ್ಕೆ ರೂಮು ಹಿಡಿದು, ಮರುದಿನ ಬೆಳಿಗ್ಗೆ ಐದಕ್ಕೆ ಖಾಲಿ ಮಾಡುವ ಒಂದು ಕುಟುಂಬ ಇದೆ ಎಂದಿಟ್ಟುಕೊಳ್ಳೋಣ. 24 ಗಂಟೆ ಲೆಕ್ಕದ ಲಾಡ್ಜಿನಲ್ಲಿ ದರ 800 ರೂ. ಇದ್ದರೆ ಶೇ. 5 ತೆರಿಗೆ ಸೇರಿ 840 ರೂ. ಆಯಿತು. ಮಧ್ಯಾಹ್ನದ ಲೆಕ್ಕದ ಹೋಟೆಲಿನಲ್ಲಿ ದರ 600 ರೂ. ಇದ್ದರೂ ಎರಡು ದಿನದ ಬಾಡಿಗೆ ಹಿಡಿದರೆ ತೆರಿಗೆ ಸೇರಿ 1,260 ರೂ. ಆಗುತ್ತದೆ. ಬೋರ್ಡಿನ ಮೇಲೆ 200 ರೂ. ಅಗ್ಗ ಕಂಡದ್ದು ಬಿಲ್ಲಿನಲ್ಲಿ 420 ರೂ. ತುಟ್ಟಿಯಾಯಿತು. ಆದ್ದರಿಂದ ದರ ಕೇಳುವ ಮೊದಲು ಕೇಳಬೇಕಾದ ಮಾತು ಒಂದೇ: 'ಚೆಕ್‌ಔಟ್ ಎಷ್ಟು ಗಂಟೆಗೆ?'

ಎರಡನೆಯದು ದೂರ. ನಿಮ್ಸ್ ದವಾಖಾನೆ ಪಂಜಗುಟ್ಟದಲ್ಲಿದೆ, ನಿಲೋಫರ್ ಮಕ್ಕಳ ದವಾಖಾನೆ ರೆಡ್‌ಹಿಲ್ಸ್ ಬಳಿ, ಉಸ್ಮಾನಿಯಾ ಅಫ್ಜಲ್‌ಗಂಜ್‌ನಲ್ಲಿ. ಪರೀಕ್ಷೆ ಬರೆಯುವ ಮಕ್ಕಳು ಹೋಗುವುದು ಹೆಚ್ಚಾಗಿ ಅಶೋಕನಗರ, ಚಿಕ್ಕಡಪಲ್ಲಿ ಕಡೆಗೆ. ಕೆಲಸ ಒಂದು ಕಡೆ, ರೂಮು ಇನ್ನೊಂದು ಕಡೆ ಆದರೆ ಬಾಡಿಗೆಯಲ್ಲಿ ಉಳಿದದ್ದು ಆಟೋಕ್ಕೆ ಹೋಗುತ್ತದೆ. ಆದರೆ ಮೆಟ್ರೋ ಬಂದ ಮೇಲೆ ಈ ಲೆಕ್ಕ ಸ್ವಲ್ಪ ಸಡಿಲಾಗಿದೆ. ಇಮ್ಲಿಬನ್ ಬಸ್ ಸ್ಟ್ಯಾಂಡಿನ ಪಕ್ಕದ ಎಂಜಿಬಿಎಸ್ ಸ್ಟೇಷನ್ನಿನಿಂದ ನಾಂಪಲ್ಲಿ, ಲಕಡಿಕಾಪುಲ್, ಪಂಜಗುಟ್ಟ ಒಂದೇ ಮಾರ್ಗದಲ್ಲಿವೆ. ಅಲ್ಲಿಂದಲೇ ಇನ್ನೊಂದು ಮಾರ್ಗ ಚಿಕ್ಕಡಪಲ್ಲಿ, ಆರ್‌ಟಿಸಿ ಕ್ರಾಸ್ ರೋಡ್ಸ್ ಕಡೆ ಹೋಗುತ್ತದೆ. ಈ ಸ್ಟೇಷನ್ನುಗಳಿಂದ ನಡೆದು ಹೋಗುವಷ್ಟು ದೂರದಲ್ಲಿ ರೂಮು ಸಿಕ್ಕರೆ ಆಟೋದ ಹಂಗಿಲ್ಲ.

ಮೂರನೆಯದು ತೆರಿಗೆ. ದಿನಕ್ಕೆ 1,000 ರೂ.ವರೆಗಿನ ರೂಮಿಗೆ 2022ರ ಜುಲೈ ಮಧ್ಯದವರೆಗೆ ಜಿಎಸ್‌ಟಿ ಇರಲಿಲ್ಲ. ಆ ವರ್ಷ ಜುಲೈ 18ರಿಂದ ಶೇ. 12 ಹಾಕಲಾಯಿತು. ಬಡವರ ರೂಮಿಗೂ ತೆರಿಗೆಯೇ ಎಂಬ ಆಕ್ಷೇಪ ಆಗ ಕೇಳಿಬಂದಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ರೂಮುಗಳಿಗೆ ಶೇ. 5 ಮಾತ್ರ. ಯಾರಾದರೂ ಈಗಲೂ 12 ಹಿಡಿದರೆ ಪ್ರಶ್ನಿಸಬಹುದು. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಲಾಡ್ಜಿನವರು ತೆರಿಗೆ ಎಂದು ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಬಿಲ್ಲಿನ ಮೇಲೆ ನೋಂದಣಿ ನಂಬರು ಇದೆಯೇ ಎಂದು ನೋಡಿದರೆ ಸಾಕು. ಊಟದ ಬಿಲ್ಲಿಗೆ ಕೇಳದೆಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ದೂರಿಗೆ 1915 ಸಹಾಯವಾಣಿ ಇದೆ.

ಕೌಂಟರಿನ ಮುಂದೆ

ಸ್ಟೇಷನ್ನಿನ ಹೊರಗೆ 'ರೂಮ್ ಕಾವಾಲಾ, ರೂಮ್ ಬೇಕಾ' ಎನ್ನುತ್ತ ಬರುವವರ ಹಿಂದೆ ಹೋದರೆ ಅವರ ಕಮಿಷನ್ನೂ ಬಾಡಿಗೆಯಲ್ಲೇ ಸೇರುತ್ತದೆ. ಕೈಯಲ್ಲಿ ಗಂಟುಮೂಟೆ, ಕಂಕುಳಲ್ಲಿ ಕೂಸು ಇರುವವರನ್ನೇ ಅವರು ಹುಡುಕುವುದು. ಆಯಾಸದಲ್ಲಿ ಮನುಷ್ಯ ಸಿಕ್ಕಿದ್ದಕ್ಕೆ ಒಪ್ಪಿಕೊಳ್ಳುತ್ತಾನೆ. ಮನೆಯವರನ್ನು ವೇಟಿಂಗ್ ಹಾಲಿನಲ್ಲಿ ಕೂರಿಸಿ, ಒಬ್ಬರು ಹೋಗಿ ಎರಡು ಮೂರು ಕಡೆ ವಿಚಾರಿಸಿ ಬರುವುದು ಹಳಬರ ರೂಢಿ. ಇಂದಿಗೂ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ದುಡ್ಡು ಕೊಡುವ ಮೊದಲು ರೂಮು ನೋಡಬೇಕು. ಒಳಗಿನಿಂದ ಚಿಲಕ ಸರಿಯಾಗಿ ಬೀಳುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಹಾಸಿಗೆಯ ಮೇಲಿನ ಬಟ್ಟೆ ಬದಲಿಸಿದ್ದಾರೆಯೇ, ಕಿಟಕಿ ತೆರೆಯುತ್ತದೆಯೇ. ಐದು ನಿಮಿಷದ ಕೆಲಸ. ಅಡ್ವಾನ್ಸ್ ಕೊಟ್ಟರೆ ರಸೀದಿ ಕೇಳಬೇಕು. ಎಷ್ಟು ಜನಕ್ಕೆ ಈ ದರ, ಮೂರನೆಯವರಿಗೆ ಹಾಸಿಗೆ ಹಾಕಿಸಿದರೆ ಎಷ್ಟು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳುವುದು ಲೇಸು.

ಗುರುತಿನ ಚೀಟಿ ಎಲ್ಲ ಕಡೆ ಕೇಳುತ್ತಾರೆ, ಅದು ತಪ್ಪಲ್ಲ. ಆದರೆ ಆಧಾರ್ ಕಾರ್ಡಿನ ಜೆರಾಕ್ಸ್ ವಿಷಯದಲ್ಲಿ ಎಚ್ಚರ ಬೇಕು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಹೋಟೆಲ್, ಸಿನಿಮಾ ಮಂದಿರದಂಥವರು ಆಧಾರ್ ಪ್ರತಿ ಇಟ್ಟುಕೊಳ್ಳುವಂತಿಲ್ಲ ಎಂದು ಅದರಲ್ಲಿತ್ತು. ಜನ ಗಾಬರಿಯಾದ ಕಾರಣ ಎರಡೇ ದಿನದಲ್ಲಿ ಅದನ್ನು ವಾಪಸು ಪಡೆಯಲಾಯಿತು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ ಆಧಾರ್' ಕೊಡುವ ಅವಕಾಶ ಮಾತ್ರ ಮೊದಲಿನಿಂದಲೂ ಇದೆ. ಊರಿನ ಮೀಸೇವಾ ಕೇಂದ್ರದಲ್ಲಿ ಇಂಥ ಎರಡು ಪ್ರತಿ ತೆಗೆಸಿಟ್ಟುಕೊಂಡರೆ ಒಳ್ಳೆಯದು. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಲಾಡ್ಜಿನ ಹೆಸರು, ತಾರೀಖು ಬರೆದು ಅಡ್ಡಗೆರೆ ಎಳೆಯಬೇಕು. ಅಸಲು ಕಾರ್ಡನ್ನು ಕೌಂಟರಿನಲ್ಲಿ ಒತ್ತೆ ಇಡುವ ಅಗತ್ಯವಿಲ್ಲ.

ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಕೆಲವು ಲಾಡ್ಜುಗಳಲ್ಲಿ ರೂಮು ಇಲ್ಲ ಎನ್ನುವುದುಂಟು. ಹಾಗೆ ಹೇಳಬೇಕೆಂದು ಯಾವ ಕಾನೂನೂ ಇಲ್ಲ. ಆದರೂ ರಾತ್ರಿ ಹೊತ್ತಿನಲ್ಲಿ ವಾದಕ್ಕೆ ನಿಲ್ಲುವುದು ಕಷ್ಟ. ಪರೀಕ್ಷೆಗೆ ಹೋಗುವ ಹುಡುಗಿಯರು ಮೊದಲೇ ಫೋನ್ ಮಾಡಿ ಕೇಳಿಕೊಂಡು, ಹೊತ್ತು ಮುಳುಗುವ ಮುನ್ನ ತಲುಪುವಂತೆ ಹೊರಡುವುದು ಕ್ಷೇಮ.

ಮೆಟ್ಟಿಲು ಎಷ್ಟು?

ಅಗ್ಗದ ರೂಮಿನ ಮಾತಿನಲ್ಲಿ ಬೆಂಕಿಯ ವಿಷಯ ಯಾರೂ ಎತ್ತುವುದಿಲ್ಲ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ರೂಬಿ ಲಾಡ್ಜಿನಲ್ಲಿ ಎಂಟು ಮಂದಿ ಸತ್ತರು. ಬೆಂಕಿ ಹೊತ್ತಿದ್ದು ರೂಮುಗಳಲ್ಲಲ್ಲ, ಅದೇ ಕಟ್ಟಡದ ಕೆಳಭಾಗದ ಎಲೆಕ್ಟ್ರಿಕ್ ಸ್ಕೂಟರುಗಳ ಷೋರೂಮಿನಲ್ಲಿ. ಹೊಗೆ ಮೆಟ್ಟಿಲ ದಾರಿಯಲ್ಲೇ ಮೇಲೇರಿತು. ಇಳಿದು ಓಡಬೇಕಾದ ದಾರಿಯೇ ಹೊಗೆಯ ದಾರಿಯಾಯಿತು. ಅಂದು ತಂಗಿದ್ದವರು ಬೇರೆ ಬೇರೆ ಊರುಗಳಿಂದ ಕೆಲಸದ ಮೇಲೆ ಬಂದವರು.

ಇದು ಒಂದೇ ಘಟನೆಯಲ್ಲ. 2019ರ ಫೆಬ್ರುವರಿ 12ರಂದು ದೆಹಲಿಯ ಕರೋಲ್‌ಬಾಗ್‌ನ ಹೋಟೆಲೊಂದರಲ್ಲಿ 17 ಮಂದಿ, 2025ರ ಏಪ್ರಿಲ್ 29ರಂದು ಕೋಲ್ಕತ್ತದ ಬಡಾಬಜಾರ್ ಭಾಗದ ಹೋಟೆಲೊಂದರಲ್ಲಿ 14 ಮಂದಿ ಪ್ರಾಣ ಬಿಟ್ಟರು. ಸುಟ್ಟು ಸತ್ತವರಿಗಿಂತ ಹೊಗೆಗೆ ಉಸಿರುಕಟ್ಟಿ ಸತ್ತವರೇ ಹೆಚ್ಚು.

ಲೈಸೆನ್ಸು, ಅಗ್ನಿಶಾಮಕ ಇಲಾಖೆಯ ಅನುಮತಿ ಪರಿಶೀಲಿಸುವುದು ಸರ್ಕಾರದ ಕೆಲಸ. ಆದರೆ ಮಲಗುವವನು ನೋಡಬಹುದಾದ ಮೂರು ಸಂಗತಿಗಳಿವೆ. ಮೆಟ್ಟಿಲು ಒಂದೇ ಇದೆಯೇ, ಎರಡಿವೆಯೇ? ರೂಮಿನ ಕಿಟಕಿ ಹೊರಗಾಳಿಗೆ ತೆರೆಯುತ್ತದೆಯೇ, ಇಲ್ಲ ಹಲಗೆ ಹೊಡೆದು ಮುಚ್ಚಿದ್ದಾರೆಯೇ? ಕೆಳಗೆ ಗೋದಾಮು, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಅಂಗಡಿ ಇದೆಯೇ? 100 ರೂ. ಹೆಚ್ಚಾದರೂ ಒಂದನೆಯ ಅಥವಾ ಎರಡನೆಯ ಮಹಡಿಯ, ಕಿಟಕಿ ಇರುವ ರೂಮೇ ಮೇಲು.

ರೋಗಿಯ ಜೊತೆಗೆ ಹೋದವರು

ಗಡಿಯಿಂದ ಪಟ್ಟಣಕ್ಕೆ ಹೋಗುವವರಲ್ಲಿ ಅತಿ ಕಷ್ಟದವರು ರೋಗಿಯ ಮನೆಯವರು. ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿಯನ್ನು 2023ರ ಡಿಸೆಂಬರಿನಲ್ಲಿ 10 ಲಕ್ಷ ರೂ.ಗೆ ಏರಿಸಲಾಗಿದೆ. ಚಿಕಿತ್ಸೆಯ ಖರ್ಚು ಅದರಲ್ಲಿ ಬರುತ್ತದೆ, ಜೊತೆಗೆ ಹೋದ ಹೆಂಡತಿಯೋ ಮಗನೋ ತಂಗುವ ರೂಮಿನ ಬಾಡಿಗೆ ಬರುವುದಿಲ್ಲ. ವಾರಗಟ್ಟಲೆ ಇರಬೇಕಾದಾಗ ಎಷ್ಟು ಅಗ್ಗದ ಲಾಡ್ಜಾದರೂ ದುಬಾರಿಯೇ. ಕೊನೆಗೆ ದವಾಖಾನೆಯ ವರಾಂಡದಲ್ಲಿ ಚಾಪೆ ಹಾಸುವುದೇ ಗತಿಯಾಗುತ್ತದೆ.

ಇಂಥವರು ಲಾಡ್ಜು ಹುಡುಕುವ ಮೊದಲು ದವಾಖಾನೆಯಲ್ಲೇ ವಿಚಾರಿಸಬೇಕು. ಹೈದರಾಬಾದಿನ ಕೆಲವು ಸರ್ಕಾರಿ ಆಸ್ಪತ್ರೆಗಳ ಬಳಿ ರೋಗಿಗಳ ಕಡೆಯವರಿಗೆ ರಾತ್ರಿ ಆಶ್ರಯ ಕೇಂದ್ರಗಳಿವೆ. ಬೆಂಗಳೂರಿನ ಕಿದ್ವಾಯಿ ಮತ್ತು ನಿಮ್ಹಾನ್ಸ್‌ನಲ್ಲಿ ಧರ್ಮಶಾಲೆಗಳಿವೆ. ಹೈದರಾಬಾದಿನಲ್ಲಿ 2014ರಿಂದ ನಡೆದುಬಂದ 5 ರೂಪಾಯಿ ಊಟದ ಕೇಂದ್ರಗಳು 2025ರಲ್ಲಿ ಇಂದಿರಮ್ಮ ಕ್ಯಾಂಟೀನ್ ಎಂಬ ಹೆಸರು ಪಡೆದಿವೆ, ಬೆಳಗಿನ ತಿಂಡಿಯೂ ಅಲ್ಲಿ ಅದೇ ದರಕ್ಕೆ ಸೇರಿದೆ. ಇವೆಲ್ಲ ಇದ್ದರೂ ಗಡಿ ಹಳ್ಳಿಗೆ ಈ ಮಾಹಿತಿ ತಲುಪಿಲ್ಲ ಎಂಬುದೇ ವಿಪರ್ಯಾಸ.

ನಾರಾಯಣಪೇಟೆ ಮತ್ತು ಗದ್ವಾಲದಲ್ಲಿ 2024ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಮಂಜೂರಾತಿ ಸಿಕ್ಕಿದೆ. ಅವು ಪೂರ್ತಿ ಬೆಳೆದು ನಿಂತರೆ ಪಟ್ಟಣದ ಈ ಅಲೆದಾಟ ಒಂದಷ್ಟು ಕಡಿಮೆಯಾದೀತು. ಅಲ್ಲಿಯವರೆಗೆ ಜನ ಹೋಗಲೇಬೇಕು.

ಮೊಬೈಲಿನ ಮೋಸ

ಮಕ್ಕಳು ಮೊಬೈಲಿನಲ್ಲಿ ರೂಮು ಹುಡುಕಿಕೊಡುವ ಕಾಲ ಇದು. ಅದರ ಜೊತೆಗೆ ನಕಲಿ ಬುಕಿಂಗೂ ಬಂದಿದೆ. ತೀರ್ಥಕ್ಷೇತ್ರಗಳ ಅತಿಥಿಗೃಹ, ಹೋಟೆಲುಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟು, ಫೇಸ್‌ಬುಕ್ ಪುಟ, ವಾಟ್ಸಾಪ್ ಖಾತೆ ತೆರೆದು ದುಡ್ಡು ಹೊಡೆಯುತ್ತಿದ್ದಾರೆ ಎಂದು ಕೇಂದ್ರ ಗೃಹ ಇಲಾಖೆ 2025ರ ಏಪ್ರಿಲ್ 19ರಂದು ಎಚ್ಚರಿಸಿದೆ. ಮೊದಲೇ ಪೂರ್ತಿ ದುಡ್ಡು ಕಳಿಸಿ ಎನ್ನುವವರು, ಕ್ಯೂಆರ್ ಕೋಡ್ ಕಳಿಸಿ ಅವಸರ ಮಾಡುವವರು ಕಂಡರೆ ಅಲ್ಲಿಗೇ ಬಿಡುವುದು ಒಳ್ಳೆಯದು. ರೂಮು ನೋಡಿ ಅಲ್ಲೇ ದುಡ್ಡು ಕೊಡುವ ಬುಕಿಂಗ್ ಸಿಕ್ಕರೆ ಅದೇ ಸುರಕ್ಷಿತ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆಗಬೇಕಾದ್ದೇನು?

ರೈಲು, ಬಸ್ಸು, ಹೊಸ ಜಿಲ್ಲೆ ಎಲ್ಲವೂ ಬಂದಿವೆ. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾದವು. ಕಚೇರಿಗಳು ಹತ್ತಿರ ಬಂದವು. ಆದರೆ ದೊಡ್ಡ ದವಾಖಾನೆ, ದೊಡ್ಡ ಪರೀಕ್ಷೆ ಇನ್ನೂ ಪಟ್ಟಣದಲ್ಲೇ ಇವೆ. ಜನರನ್ನು ಅಲ್ಲಿಗೆ ಮುಟ್ಟಿಸಿದರೆ ಜವಾಬ್ದಾರಿ ಮುಗಿಯಿತು ಎಂದು ಸರ್ಕಾರ ಭಾವಿಸುವಂತಿಲ್ಲ.

ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಲೈಸೆನ್ಸು ಮತ್ತು ಅಗ್ನಿ ಸುರಕ್ಷತೆ ಇರುವ ಕಡಿಮೆ ದರದ ಲಾಡ್ಜುಗಳ ಪಟ್ಟಿಯನ್ನು ಇಮ್ಲಿಬನ್ ಬಸ್ ಸ್ಟ್ಯಾಂಡು, ಕಾಚಿಗುಡ ಸ್ಟೇಷನ್ನಿನಲ್ಲಿ ತೆಲುಗು-ಕನ್ನಡ ಎರಡರಲ್ಲೂ ಹಾಕಬಹುದು. ಚೆಕ್‌ಔಟ್ ಸಮಯ ಮತ್ತು ತೆರಿಗೆ ಸೇರಿದ ದರವನ್ನು ಕೌಂಟರಿನ ಮೇಲೆ ಬರೆಯಬೇಕೆಂದು ಕಡ್ಡಾಯ ಮಾಡಬಹುದು. ಮಕ್ತಲ್, ನಾರಾಯಣಪೇಟೆ, ಗದ್ವಾಲದ ಆಸ್ಪತ್ರೆಗಳಿಂದ ರೋಗಿಯನ್ನು ಹೈದರಾಬಾದಿಗೆ ಕಳಿಸುವಾಗ ಚೀಟಿಯ ಜೊತೆಗೇ ಅಲ್ಲಿನ ಆಶ್ರಯ ಕೇಂದ್ರದ ವಿಳಾಸ ಕೊಡಬಹುದು. ಜಿಲ್ಲೆಯ ಶಾಸಕರು, ವ್ಯಾಪಾರಿ ಸಂಘಗಳು, ಮಠಗಳು ಮನಸ್ಸು ಮಾಡಿದರೆ ಪಾಲಮೂರಿನವರಿಗಾಗಿ ಪಟ್ಟಣದಲ್ಲಿ ಒಂದು ಛತ್ರ ಕಟ್ಟುವುದೂ ಅಸಾಧ್ಯವೇನಲ್ಲ. ಒಬ್ಬ ವ್ಯಾಪಾರಿ 1903ರಲ್ಲೇ ಅದನ್ನು ಮಾಡಿ ತೋರಿಸಿದ್ದಾರೆ.

ಅಲ್ಲಿಯವರೆಗೆ ಹೋಗುವವರು ತಮ್ಮ ಎಚ್ಚರದಲ್ಲಿ ತಾವಿರಬೇಕು. ಬುತ್ತಿಯ ಜೊತೆಗೆ ಮಾಸ್ಕ್ ಆಧಾರಿನ ಎರಡು ಪ್ರತಿ ಕಟ್ಟಿಕೊಳ್ಳಬೇಕು. ಕೌಂಟರಿನಲ್ಲಿ ಚೆಕ್‌ಔಟ್ ಎಷ್ಟಕ್ಕೆ, ತೆರಿಗೆ ಸೇರಿ ಎಷ್ಟು, ಮೆಟ್ಟಿಲು ಎಷ್ಟು ಎಂದು ಕೇಳಬೇಕು. ತೆಲುಗಿನಲ್ಲಿ ಕೇಳಿದರೂ ಸರಿ, ಕನ್ನಡದಲ್ಲಿ ಕೇಳಿದರೂ ಸರಿ.